ಇಂಟರ್ನೆಟ್ ಕರೆ ಹೇಗೆ ಕೆಲಸ ಮಾಡುತ್ತದೆ? ದುಬೈಯ ಮಾತು ಮಂಜೇಶ್ವರದ ಮೊಬೈಲಿಗೆ ತಲುಪುವ ದಾರಿ

ಗಲ್ಫಿನಲ್ಲಿ ದುಡಿಯುವವರಿಗೂ ಊರಲ್ಲಿರುವ ಮನೆಯವರಿಗೂ ಮಧ್ಯೆ ಒಂದು ಕಾಲದಲ್ಲಿ ಕಾಗದ, ಕ್ಯಾಸೆಟ್, ಎಸ್‌ಟಿಡಿ ಬೂತ್ ಇತ್ತು. ಈಗ ಇರುವುದು ಇಂಟರ್ನೆಟ್ ಕರೆ. ವಾಟ್ಸ್ಆ್ಯಪ್, ಬೋಟಿಮ್, ಗೂಗಲ್ ಮೀಟ್, ಝೂಮ್ ಎಲ್ಲವೂ ಇದೇ ಜಾತಿಗೆ ಸೇರಿದವು. ಆದರೆ "ಕೇಳ್ತಾ ಉಂಟಾ?" ಅಂತ ಹತ್ತು ಸಲ ಕೇಳುವುದು ಯಾಕೆ, ಮುಖ ನಿಂತು ಧ್ವನಿ ಮಾತ್ರ ಬರುವುದು ಯಾಕೆ, ಯುಎಇಯಲ್ಲಿ ಮೆಸೇಜ್ ಹೋಗಿ ಕರೆ ಮಾತ್ರ ಹೋಗದಿರುವುದು ಯಾಕೆ, ಸೌದಿಯಿಂದ ಬಂದ ಕರೆಗೆ ಇಲ್ಲಿಯ ನಂಬರ್ ಕಾಣುವುದು ಹೇಗೆ? ಈ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಇರುವುದು ಕರೆಯ ಹಿಂದೆ ಕೆಲಸ ಮಾಡುವ ಪ್ರೊಟೊಕಾಲ್‌ಗಳಲ್ಲಿ. ಪ್ರೊಟೊಕಾಲ್ ಅಂದರೆ ಎರಡು ಯಂತ್ರಗಳು ಪರಸ್ಪರ ಮಾತಾಡಲು ಮೊದಲೇ ಒಪ್ಪಿಕೊಂಡ ನಿಯಮಗಳ ಪಟ್ಟಿ, ಅಷ್ಟೇ.

ಹಳೆಯ ಫೋನಿಗೂ ಇದಕ್ಕೂ ವ್ಯತ್ಯಾಸ

ಹಳೆಯ ಲ್ಯಾಂಡ್‌ಲೈನಿನಲ್ಲಿ ನಂಬರ್ ತಿರುಗಿಸಿದ ಕೂಡಲೇ ಎಕ್ಸ್‌ಚೇಂಜ್‌ಗಳು ಈ ತುದಿಯಿಂದ ಆ ತುದಿಯ ತನಕ ಒಂದು ದಾರಿಯನ್ನು ನಿಮಗಾಗಿ ಕಾದಿರಿಸುತ್ತಿದ್ದವು. ನೀವು ಮಾತಾಡಿದರೂ ಸುಮ್ಮನಿದ್ದರೂ ಆ ದಾರಿ ನಿಮ್ಮದೇ. ಅದಕ್ಕೇ ನಿಮಿಷಕ್ಕೆ ಇಷ್ಟು ಅಂತ ದುಡ್ಡು.

ಇಂಟರ್ನೆಟ್ಟಿನಲ್ಲಿ ಹಾಗೆ ಕಾದಿರಿಸಿದ ದಾರಿ ಇಲ್ಲ. ಮಾತನ್ನು ಚೂರು ಚೂರು ಮಾಡಿ, ಪ್ರತಿ ಚೂರಿಗೂ ವಿಳಾಸ ಅಂಟಿಸಿ ಕಳುಹಿಸಲಾಗುತ್ತದೆ. ಈ ಚೂರಿಗೆ ಪ್ಯಾಕೆಟ್ ಅಂತ ಹೆಸರು. ಅಂಟಿಸಿದ ವಿಳಾಸವೇ ಐಪಿ ಅಡ್ರೆಸ್. ಅದೇ ಕೇಬಲಿನಲ್ಲಿ ಬೇರೆಯವರ ಯೂಟ್ಯೂಬ್, ಬ್ಯಾಂಕಿನ ವ್ಯವಹಾರ, ಇನ್‌ಸ್ಟಾಗ್ರಾಮ್ ರೀಲ್ ಎಲ್ಲ ಒಟ್ಟಿಗೇ ಹೋಗುತ್ತಿರುತ್ತದೆ. ಕಾದಿರಿಸಿದ ದಾರಿ ಇಲ್ಲದ ಕಾರಣ ಕರೆ ಅಗ್ಗ. ಅದೇ ಕಾರಣಕ್ಕೆ ಗುಣಮಟ್ಟದ ಭರವಸೆಯೂ ಇಲ್ಲ.

ಈ ಯೋಚನೆ ಹೊಸದಲ್ಲ. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ 1970ರ ದಶಕದಲ್ಲೇ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು ಪ್ಯಾಕೆಟ್ ಮೂಲಕ ಧ್ವನಿ ಕಳುಹಿಸುವ ಪ್ರಯೋಗ ಮಾಡಿದ್ದರು. ಜನರ ಕೈಗೆ ಬಂದದ್ದು 1995ರಲ್ಲಿ, ಇಸ್ರೇಲಿನ ವೋಕಲ್‌ಟೆಕ್ ಕಂಪೆನಿಯ ತಂತ್ರಾಂಶದ ಮೂಲಕ. 2003ರಲ್ಲಿ ಸ್ಕೈಪ್ ಬಂತು. 2025ರ ಮೇ ತಿಂಗಳಲ್ಲಿ ಅದು ಬಾಗಿಲು ಹಾಕಿತು. ಭಾರತದಲ್ಲಿ ಇಂಟರ್ನೆಟ್ ಟೆಲಿಫೋನಿಗೆ ಸರಕಾರ ಅನುಮತಿ ಕೊಟ್ಟದ್ದು 2002ರ ಏಪ್ರಿಲ್‌ನಲ್ಲಿ. ವಾಟ್ಸ್ಆ್ಯಪ್‌ಗೆ ಧ್ವನಿ ಕರೆ 2015ರಲ್ಲೂ ವಿಡಿಯೊ ಕರೆ 2016ರ ನವೆಂಬರ್‌ನಲ್ಲೂ ಬಂತು.

ಮೊದಲ ಹೆಜ್ಜೆ: ಧ್ವನಿ ಅಂಕಿಯಾಗುವುದು

ಮೈಕಿಗೆ ಬಿದ್ದ ಧ್ವನಿಯನ್ನು ಮೊಬೈಲ್ ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಟೆಲಿಫೋನ್ ಲೋಕದ ಹಳೆಯ ಅಳತೆ ಜಿ.711. ಅದರಲ್ಲಿ ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್‌ನಂತೆ ಒಟ್ಟು 64 ಕಿಲೊಬಿಟ್ ಆಗುತ್ತದೆ. ಇದನ್ನು ಇನ್ನಷ್ಟು ಹಿಂಡಿ ಚಿಕ್ಕದು ಮಾಡುವ ಗಣಿತಕ್ಕೆ ಕೋಡೆಕ್ ಅಂತ ಹೆಸರು.

ಇವತ್ತು ಇಂಟರ್ನೆಟ್ ಕರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕೋಡೆಕ್ ಓಪಸ್. 2012ರಲ್ಲಿ ಮಾನಕವಾಯಿತು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಸೆಕೆಂಡಿಗೆ 6 ಕಿಲೊಬಿಟ್‌ನಿಂದ 510 ಕಿಲೊಬಿಟ್ ತನಕ ಎಲ್ಲಿ ಬೇಕಾದರೂ ಅದು ಕೆಲಸ ಮಾಡುತ್ತದೆ. ಇದೇ ಅದರ ಜಾಣತನ. ರೇಂಜ್ ಕಮ್ಮಿಯಾದರೆ ಕರೆ ಕಡಿಯದೆ ಧ್ವನಿಯ ಗುಣಮಟ್ಟ ಮಾತ್ರ ಇಳಿಯುತ್ತದೆ. ಉಮ್ಮನ ಸ್ವರ ಒಮ್ಮೆ ಸ್ಪಷ್ಟವಾಗಿ, ಒಮ್ಮೆ ಡಬ್ಬದೊಳಗಿಂದ ಬಂದ ಹಾಗೆ ಕೇಳುವುದಕ್ಕೆ ಕಾರಣ ಇದು. ತೀರಾ ನಿಧಾನದ ನೆಟ್ ಮತ್ತು ಕಡಿಮೆ ಬೆಲೆಯ ಮೊಬೈಲ್‌ಗಳಿಗಾಗಿ ಮೆಟಾ ಕಂಪೆನಿ 2024ರಲ್ಲಿ ಎಂಲೋ ಎಂಬ ಇನ್ನೊಂದು ಕೋಡೆಕ್ ಪ್ರಕಟಿಸಿದೆ.

ಎರಡನೇ ಹೆಜ್ಜೆ: ಕರೆ ಹೊಂದಿಸುವುದು

ಮಾತು ಹೊರಡುವ ಮೊದಲು ಕೆಲವು ವಿಷಯ ತೀರ್ಮಾನವಾಗಬೇಕು. ಆ ಕಡೆಯವರು ಎಲ್ಲಿದ್ದಾರೆ? ಫೋನ್ ಆನ್ ಇದೆಯಾ? ಯಾವ ಕೋಡೆಕ್ ಗೊತ್ತು? ಈ ಮಾತುಕತೆಗೆ ಸಿಗ್ನಲಿಂಗ್ ಅನ್ನುತ್ತಾರೆ. ಇದರ ಅತ್ಯಂತ ಪ್ರಸಿದ್ಧ ನಿಯಮಾವಳಿ ಸಿಪ್, ಅಂದರೆ ಸೆಷನ್ ಇನಿಶಿಯೇಶನ್ ಪ್ರೊಟೊಕಾಲ್. 1999ರಲ್ಲಿ ಬಂತು, 2002ರಲ್ಲಿ ಪರಿಷ್ಕೃತವಾಯಿತು. ಅದಕ್ಕೂ ಮೊದಲು 1996ರಲ್ಲಿ ಬಂದ ಎಚ್.323 ಎಂಬ ಇನ್ನೊಂದು ಮಾನಕವಿತ್ತು. ಸಿಪ್ ಅದಕ್ಕಿಂತ ಸರಳವಾದ್ದರಿಂದ ಗೆದ್ದಿತು.

ಸಿಪ್ ಸಂಭಾಷಣೆ ಮನುಷ್ಯರ ಸಂಭಾಷಣೆಯ ಹಾಗೇ ಇದೆ:

1. ಕರೆ ಮಾಡುವ ಫೋನ್ "ಇನ್ವೈಟ್" ಅಂತ ಕಳುಹಿಸುತ್ತದೆ. ಅದರೊಳಗೆ ತನಗೆ ಗೊತ್ತಿರುವ ಕೋಡೆಕ್‌ಗಳ ಪಟ್ಟಿ, ತನ್ನ ವಿಳಾಸ ಇರುತ್ತದೆ.
2. ಸರ್ವರ್ "100 ಟ್ರೈಯಿಂಗ್" ಅನ್ನುತ್ತದೆ. ಹುಡುಕ್ತಾ ಇದ್ದೇನೆ, ನಿಲ್ಲಿ ಅಂತ.
3. ಆ ಕಡೆಯ ಫೋನ್ "180 ರಿಂಗಿಂಗ್" ಅನ್ನುತ್ತದೆ. ನಿಮಗೆ ರಿಂಗ್ ಕೇಳುವುದು ಈಗ.
4. ಅವರು ಎತ್ತಿದಾಗ "200 ಓಕೆ" ಬರುತ್ತದೆ. ಒಪ್ಪಿಕೊಂಡ ಕೋಡೆಕ್ ಯಾವುದು ಅಂತಲೂ ಅದರಲ್ಲೇ ಇರುತ್ತದೆ.
5. ಈ ಕಡೆಯಿಂದ "ಆಕ್" ಹೋಗುತ್ತದೆ. ಕರೆ ಶುರು.
6. ಯಾರಾದರೂ ಇಟ್ಟರೆ "ಬೈ".

ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳು ತಮ್ಮದೇ ಸಿಗ್ನಲಿಂಗ್ ಬಳಸುತ್ತವೆ. ಹೆಜ್ಜೆಗಳು ಮಾತ್ರ ಹೆಚ್ಚು ಕಮ್ಮಿ ಇವೇ. ಒಂದು ವಿಷಯ ನೆನಪಿಟ್ಟುಕೊಳ್ಳಿ: ಸಿಗ್ನಲಿಂಗ್ ಬೇರೆ, ಮಾತು ಸಾಗುವ ದಾರಿ ಬೇರೆ. ಯುಎಇಯ ಒಗಟಿಗೆ ಉತ್ತರ ಇಲ್ಲೇ ಇದೆ, ಮುಂದೆ ನೋಡೋಣ.

ಮೂರನೇ ಹೆಜ್ಜೆ: ಮಾತು ಸಾಗುವುದು

ಮಾತಿನ ಪ್ಯಾಕೆಟ್ ಹೊತ್ತೊಯ್ಯುವುದು ಆರ್‌ಟಿಪಿ, ಅಂದರೆ ರಿಯಲ್ ಟೈಮ್ ಟ್ರಾನ್ಸ್‌ಪೋರ್ಟ್ ಪ್ರೊಟೊಕಾಲ್. 1996ರಲ್ಲಿ ಪ್ರಕಟವಾದ ಇದನ್ನು 2003ರಲ್ಲಿ ಪರಿಷ್ಕರಿಸಲಾಯಿತು. ಸಾಮಾನ್ಯವಾಗಿ ಒಂದು ಪ್ಯಾಕೆಟ್‌ನಲ್ಲಿ 20 ಮಿಲಿಸೆಕೆಂಡಿನ ಮಾತು ಇರುತ್ತದೆ. ಅಂದರೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ, ಒಂದು ಸಮಯದ ಗುರುತು. ದಾರಿಯಲ್ಲಿ ಹಿಂದೆ ಮುಂದೆ ಆದರೂ ಆ ಕಡೆಯ ಫೋನ್ ಸಂಖ್ಯೆ ನೋಡಿ ಸಾಲಾಗಿ ಜೋಡಿಸುತ್ತದೆ. ಇದರ ಜೊತೆಗಾರ ಆರ್‌ಟಿಸಿಪಿ. "ಇಷ್ಟು ಪ್ಯಾಕೆಟ್ ಬಂತು, ಇಷ್ಟು ಕಳೆದುಹೋಯ್ತು" ಅಂತ ಆಗಾಗ ವರದಿ ಕೊಡುವುದು ಅದರ ಕೆಲಸ. ಆ ವರದಿ ನೋಡಿ ಕಳುಹಿಸುವ ಫೋನ್ ತನ್ನ ವೇಗವನ್ನು ಏರಿಸುತ್ತದೆ, ಇಳಿಸುತ್ತದೆ.

ವೆಬ್‌ಸೈಟ್ ತೆರೆಯುವಾಗ, ಫೈಲ್ ಇಳಿಸಿಕೊಳ್ಳುವಾಗ ಹೆಚ್ಚಾಗಿ ಬಳಸುವುದು ಟಿಸಿಪಿ. ಒಂದು ಪ್ಯಾಕೆಟ್ ಕಳೆದುಹೋದರೂ ಅದನ್ನು ಮತ್ತೆ ತರಿಸಿಕೊಳ್ಳದೆ ಅದು ಮುಂದೆ ಹೋಗುವುದಿಲ್ಲ. ಕರೆಗೆ ಇದು ಸರಿಯಾಗದು. ಕಳೆದುಹೋದ "ಹಾಂ" ಅರ್ಧ ಸೆಕೆಂಡ್ ತಡವಾಗಿ ಬಂದು ಏನು ಪ್ರಯೋಜನ? ಹಾಗಾಗಿ ಕರೆಗಳು ಯುಡಿಪಿ ಬಳಸುತ್ತವೆ. ಅದು ಕಳುಹಿಸಿ ಬಿಡುತ್ತದೆ, ತಲುಪಿತಾ ಅಂತ ಕಾಯುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ, 24 ಕಿಲೊಬಿಟ್‌ನ ಓಪಸ್ ಕರೆಯಲ್ಲಿ ಮಾತಿಗಿಂತ ಹೆಚ್ಚುವರಿಯಾಗಿ ಪ್ರತಿ ಪ್ಯಾಕೆಟ್ ಮೇಲೆ ವಿಳಾಸ, ಸಂಖ್ಯೆ ಎಲ್ಲ ಸೇರಿ 40 ಬೈಟ್ ಬರವಣಿಗೆ ಇರುತ್ತದೆ. ಅದೇ ಸೆಕೆಂಡಿಗೆ 16 ಕಿಲೊಬಿಟ್. ಒಟ್ಟು 40 ಕಿಲೊಬಿಟ್. ಹೋಗುವುದು ಬರುವುದು ಸೇರಿ ಗಂಟೆಗೆ ಸುಮಾರು 36 ಎಂಬಿ. ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್‌ನಲ್ಲಿ ಓಡಿದರೆ ಗಂಟೆಗೆ ಸುಮಾರು 900 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಎಲ್ಲಿ ಮುಗಿಯಿತು ಅಂತ ಈಗ ಗೊತ್ತಾಗಿರಬಹುದು.

"ಕೇಳ್ತಾ ಉಂಟಾ?" ಯಾಕೆ ಹೇಳಬೇಕಾಗುತ್ತದೆ

ಕರೆ ಹಾಳಾಗಲು ಮುಖ್ಯವಾಗಿ ಮೂರು ಕಾರಣ.

ವಿಳಂಬ: ಅಂತಾರಾಷ್ಟ್ರೀಯ ಟೆಲಿಕಾಂ ಒಕ್ಕೂಟದ ಮಾನದಂಡದಂತೆ ಒಂದು ಬಾಯಿಯಿಂದ ಇನ್ನೊಂದು ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಹಜವೆನಿಸುತ್ತದೆ. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ ಒಟ್ಟಿಗೆ ನಿಲ್ಲಿಸುತ್ತಾರೆ. ದುಬೈಗೂ ಮಂಗಳೂರಿಗೂ ನೇರ ದೂರ ಸುಮಾರು 2,500 ಕಿ.ಮೀ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹಾಗಾದರೆ ಬೇಕಾದದ್ದು 12-13 ಮಿಲಿಸೆಕೆಂಡ್ ಮಾತ್ರ. ಸಮುದ್ರ ದೊಡ್ಡ ಸಮಸ್ಯೆಯೇ ಅಲ್ಲ! ಹೆಚ್ಚಿನ ವಿಳಂಬ ಆಗುವುದು ಕೇಬಲಿನ ಸುತ್ತುದಾರಿ, ತುಂಬಿದ ಟವರ್, ಮನೆಯ ವೈಫೈ ಮತ್ತು ಫೋನಿನೊಳಗಿನ ಕೆಲಸದಲ್ಲಿ.

ಜಿಟರ್: ಹೊರಟದ್ದು ಸರಿಯಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಬರುವಾಗ ಒಂದು ಬೇಗ, ಒಂದು ತಡ, ಮತ್ತೆ ಮೂರು ಒಟ್ಟಿಗೆ. ಇದನ್ನು ಸರಿಮಾಡಲು ಫೋನ್ ಬಂದ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಸಮನಾಗಿ ಬಿಡುತ್ತದೆ. ಇದಕ್ಕೆ ಜಿಟರ್ ಬಫರ್ ಎಂದು ಹೆಸರು. ಬಫರ್ ದೊಡ್ಡದಾದರೆ ವಿಳಂಬ ಹೆಚ್ಚುತ್ತದೆ, ಚಿಕ್ಕದಾದರೆ ಮಾತು ತುಂಡಾಗುತ್ತದೆ. ಆ್ಯಪ್ ಪ್ರತಿ ಕ್ಷಣವೂ ಇವೆರಡರ ನಡುವೆ ಹೊಂದಾಣಿಕೆ ಮಾಡುತ್ತಲೇ ಇರುತ್ತದೆ.

ನಷ್ಟ: ಕೆಲವು ಪ್ಯಾಕೆಟ್ ಬರುವುದೇ ಇಲ್ಲ. ಒಂದೆರಡು ಹೋದರೆ ಫೋನ್ ಹಿಂದಿನ ಸ್ವರವನ್ನೇ ಎಳೆದು ಬಿರುಕು ಮುಚ್ಚುತ್ತದೆ, ನಿಮಗೆ ಗೊತ್ತಾಗುವುದೂ ಇಲ್ಲ. ಹೆಚ್ಚು ಹೋದರೆ ರೋಬೋಟ್ ಮಾತಾಡಿದ ಹಾಗೆ ಕೇಳುತ್ತದೆ.

ಪೆರ್ನಾಲ್ ದಿನ ಬೆಳಗ್ಗೆ ಕರೆ ಸಿಗದೆ ಒದ್ದಾಡುವುದೂ ಇದೇ ಕಾರಣಕ್ಕೆ. ಒಂದೇ ಟವರ್, ಒಂದೇ ವೈಫೈಯನ್ನು ಎಲ್ಲರೂ ಒಂದೇ ಹೊತ್ತಿಗೆ ಬಳಸಿದರೆ ಪ್ಯಾಕೆಟ್‌ಗಳು ಸರದಿಯಲ್ಲಿ ನಿಲ್ಲುತ್ತವೆ. ಸರದಿ ತುಂಬಿದರೆ ಬಿಸಾಡಲ್ಪಡುತ್ತವೆ. ಕೆಲವೊಮ್ಮೆ ಕಾರಣ ದೂರದಲ್ಲೂ ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಜಿದ್ದಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದಾಗ ಯುಎಇ, ಭಾರತ, ಪಾಕಿಸ್ತಾನದ ಹಲವೆಡೆ ನೆಟ್ ನಿಧಾನವಾಗಿತ್ತು.

ರೂಟರಿನ ಹಿಂದೆ ಅಡಗಿರುವ ಫೋನ್

ಇನ್ನೊಂದು ತೊಡಕು ಇದೆ. ನಿಮ್ಮ ಮೊಬೈಲಿಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇರುವುದಿಲ್ಲ. ಮನೆಯ ರೂಟರ್ ಎಲ್ಲ ಫೋನುಗಳಿಗೂ ಒಳವಿಳಾಸ ಕೊಟ್ಟು, ಹೊರಗೆ ಒಂದೇ ವಿಳಾಸ ತೋರಿಸುತ್ತದೆ. ಇಪ್ಪತ್ತು ಕೋಣೆಯ ಬಿಲ್ಡಿಂಗಿಗೆ ಒಂದೇ ಅಂಚೆ ಡಬ್ಬ ಇದ್ದ ಹಾಗೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಹೊರಗಿನಿಂದ ಬಂದ ಪ್ಯಾಕೆಟ್ ಯಾವ ಕೋಣೆಗೆ ಅಂತ ಗೊತ್ತಾಗುವುದು ಹೇಗೆ?

ಇದಕ್ಕೆ ಮೂರು ಉಪಾಯಗಳಿವೆ. ಸ್ಟನ್ ಎಂಬ ಸರ್ವರನ್ನು ಫೋನ್ ಕೇಳುತ್ತದೆ: "ಹೊರಗಿನಿಂದ ನೋಡಿದರೆ ನನ್ನ ವಿಳಾಸ ಏನು ಕಾಣ್ತದೆ?" ಉತ್ತರ ಸಿಕ್ಕಿದ ಮೇಲೆ ಅದನ್ನು ಆ ಕಡೆಗೆ ಹೇಳಿ, ನೇರವಾಗಿ ಪ್ಯಾಕೆಟ್ ಕಳುಹಿಸಲು ಯತ್ನಿಸುತ್ತದೆ. ನೇರ ದಾರಿ ಸಿಗದಿದ್ದರೆ ಟರ್ನ್ ಎಂಬ ಮಧ್ಯವರ್ತಿ ಸರ್ವರ್ ಇಬ್ಬರ ಪ್ಯಾಕೆಟ್‌ಗಳನ್ನೂ ತೆಗೆದುಕೊಂಡು ಆಚೆ ದಾಟಿಸುತ್ತದೆ. ಸಾಧ್ಯವಿರುವ ಎಲ್ಲ ದಾರಿ ಪಟ್ಟಿ ಮಾಡಿ, ಒಂದೊಂದಾಗಿ ಪರೀಕ್ಷಿಸಿ, ಒಳ್ಳೆಯದನ್ನು ಆರಿಸುವ ವಿಧಾನಕ್ಕೆ ಐಸ್ ಅಂತ ಹೆಸರು. ಕರೆ ಎತ್ತಿದ ಮೇಲೆ ಒಂದೆರಡು ಸೆಕೆಂಡ್ "ಕನೆಕ್ಟಿಂಗ್" ಅಂತ ಕಾಣುವುದು ಇಂಥ ಹುಡುಕಾಟ ನಡೆಯುವಾಗ. ಮನೆಯ ವೈಫೈ ಬಿಟ್ಟು ರಸ್ತೆಗಿಳಿದ ಕೂಡಲೇ ಕರೆ ತಡವರಿಸುವುದೂ ಇದಕ್ಕೇ. ವಿಳಾಸ ಬದಲಾಯಿತು, ದಾರಿ ಹೊಸದಾಗಿ ಹುಡುಕಬೇಕು.

ಬ್ರೌಸರಿನೊಳಗೇ ಈ ಎಲ್ಲವನ್ನೂ ಕಟ್ಟಿಕೊಟ್ಟದ್ದು ವೆಬ್‌ಆರ್‌ಟಿಸಿ. ಗೂಗಲ್ 2011ರಲ್ಲಿ ಇದನ್ನು ಮುಕ್ತವಾಗಿ ಬಿಡುಗಡೆ ಮಾಡಿತು, 2021ರ ಜನವರಿಯಲ್ಲಿ ಅಧಿಕೃತ ವೆಬ್ ಮಾನಕವಾಯಿತು. ಗೂಗಲ್ ಮೀಟ್ ನಡೆಯುವುದು ಇದರ ಮೇಲೆ. ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಯುವಕ ಯುವತಿಯರು ಪ್ರಯೋಗ ಮಾಡಿ ನೋಡುವುದಾದರೆ ಇಲ್ಲಿಂದಲೇ ಶುರು ಮಾಡಬಹುದು. ದುಡ್ಡು ಬೇಡ, ಒಂದು ಬ್ರೌಸರ್ ಸಾಕು.

ಮುಖ ನಿಂತು ಸ್ವರ ಮಾತ್ರ ಬರುವುದು ಯಾಕೆ

ಹಿಂಡದ 720ಪಿ ವಿಡಿಯೊ ಸೆಕೆಂಡಿಗೆ 30 ಚಿತ್ರದಂತೆ ಕಳುಹಿಸಿದರೆ ಸುಮಾರು 330 ಮೆಗಾಬಿಟ್ ಬೇಕು. ಕರೆಯಲ್ಲಿ ಅದನ್ನು ಒಂದೆರಡು ಮೆಗಾಬಿಟ್‌ಗೆ ಇಳಿಸಲಾಗುತ್ತದೆ. ಎಚ್.264, ವಿಪಿ8, ವಿಪಿ9, ಎವಿ1 ಎಂಬ ಕೋಡೆಕ್‌ಗಳು ಮಾಡುವ ಉಪಾಯ ಇಷ್ಟು: ಒಮ್ಮೆ ಪೂರ್ತಿ ಚಿತ್ರ ಕಳುಹಿಸಿ, ಆಮೇಲೆ ಬದಲಾದದ್ದನ್ನು ಮಾತ್ರ ಕಳುಹಿಸುವುದು. ಹಿಂದಿನ ಗೋಡೆ ಅಲ್ಲಾಡುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತದೆ. ತುಟಿಯ ಸುದ್ದಿ ಸಾಕು. ಆದರೆ ಆ ಪೂರ್ತಿ ಚಿತ್ರದ ಪ್ಯಾಕೆಟ್ ಕಳೆದುಹೋದರೆ ಮುಂದಿನ ಬದಲಾವಣೆಗಳನ್ನು ಯಾವುದರ ಮೇಲೆ ಕೂರಿಸುವುದು? ಚಿತ್ರ ನಿಲ್ಲುತ್ತದೆ ಅಥವಾ ಚೌಕ ಚೌಕವಾಗುತ್ತದೆ. ಆಗ ಫೋನ್ "ಪೂರ್ತಿ ಚಿತ್ರ ಮತ್ತೆ ಕಳಿಸಿ" ಅಂತ ಕೇಳುತ್ತದೆ. ಧ್ವನಿಗೆ ಬೇಕಾದದ್ದು ತೀರಾ ಕಮ್ಮಿ, ಅದಕ್ಕೇ ಆದ್ಯತೆ. ಹಾಗಾಗಿ ಅದು ಮುಂದುವರಿಯುತ್ತದೆ.

ಮನೆಯ ಎಂಟು ಮಂದಿ ಎಂಟು ಕಡೆಯಿಂದ ಸೇರಿದರೆ? ಪ್ರತಿಯೊಬ್ಬರೂ ಉಳಿದ ಏಳು ಮಂದಿಗೆ ತಮ್ಮ ವಿಡಿಯೊ ಕಳುಹಿಸಿದರೆ ಯಾವ ನೆಟ್ಟೂ ತಡೆಯದು. ಅದಕ್ಕೆ ಗ್ರೂಪ್ ಕರೆಗಳಲ್ಲಿ ಮಧ್ಯೆ ಒಂದು ಸರ್ವರ್ ಇರುತ್ತದೆ. ಪ್ರತಿಯೊಬ್ಬರೂ ಒಮ್ಮೆ ಮಾತ್ರ ಕಳುಹಿಸುತ್ತಾರೆ, ಸರ್ವರ್ ಎಲ್ಲರಿಗೂ ಹಂಚುತ್ತದೆ. ನೆಟ್ ಕಮ್ಮಿ ಇರುವವರಿಗೆ ಚಿಕ್ಕ ಚಿತ್ರ, ಚೆನ್ನಾಗಿರುವವರಿಗೆ ದೊಡ್ಡ ಚಿತ್ರ.

ಮಧ್ಯೆ ಯಾರಾದರೂ ಕೇಳಬಹುದೇ?

ಆರ್‌ಟಿಪಿಯನ್ನು ಹಾಗೆಯೇ ಕಳುಹಿಸಿದರೆ ದಾರಿಯಲ್ಲಿರುವವರು ಕದ್ದು ಕೇಳಬಹುದು. ಅದಕ್ಕಾಗಿ 2004ರಲ್ಲಿ ಎಸ್‌ಆರ್‌ಟಿಪಿ ಎಂಬ ಬೀಗ ಹಾಕಿದ ರೂಪ ಬಂತು. ವಾಟ್ಸ್ಆ್ಯಪ್ ಕರೆಯಲ್ಲಿ ಬೀಗದ ಕೀಲಿಕೈ ಇಬ್ಬರ ಫೋನಿನಲ್ಲಿ ಮಾತ್ರ ಇರುತ್ತದೆ. ಮಧ್ಯವರ್ತಿ ಸರ್ವರ್ ಪ್ಯಾಕೆಟ್ ದಾಟಿಸುತ್ತದೆ, ಒಳಗೆ ಏನಿದೆ ಅಂತ ಅದಕ್ಕೆ ಕೇಳಿಸುವುದಿಲ್ಲ. ಆದರೆ ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬ ವಿವರ ಈ ಬೀಗದೊಳಗೆ ಸೇರುವುದಿಲ್ಲ. ಹಾಗೆಯೇ, ಎದುರಿನವರೇ ರೆಕಾರ್ಡ್ ಮಾಡಿದರೆ ಯಾವ ಬೀಗವೂ ಕಾಯುವುದಿಲ್ಲ. ನೇರ ಕರೆಯಲ್ಲಿ ನಿಮ್ಮ ಐಪಿ ವಿಳಾಸ ಎದುರಿನ ಫೋನಿಗೆ ಗೊತ್ತಾಗುತ್ತದೆ. ಬೇಡ ಅಂತಿದ್ದರೆ ವಾಟ್ಸ್ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಕರೆಗಳಲ್ಲಿ ಐಪಿ ಮರೆಮಾಡುವ ಆಯ್ಕೆ ಇದೆ.

ಸಾಮಾನ್ಯ ಕರೆಯೂ ಈಗ ಇಂಟರ್ನೆಟ್ ಕರೆಯೇ

ವೋಲ್ಟಿಯಲ್ಲಿ, ಅಂದರೆ 4ಜಿಯ ಮಾಮೂಲಿ ಕರೆಯಲ್ಲಿ, ಒಳಗೆ ಓಡುವುದು ಇದೇ ಸಿಪ್, ಇದೇ ಆರ್‌ಟಿಪಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದಾಗ ಅದರ ಎಲ್ಲ ಕರೆಗಳೂ ಹೀಗೇ ಇದ್ದವು. ವ್ಯತ್ಯಾಸ ಒಂದೇ: ಇಲ್ಲಿ ಟೆಲಿಕಾಂ ಕಂಪೆನಿ ತನ್ನ ಜಾಲದೊಳಗೆ ಕರೆಯ ಪ್ಯಾಕೆಟ್‌ಗಳಿಗೆ ಮುಂದಿನ ಸಾಲು ಕೊಡುತ್ತದೆ. ವಾಟ್ಸ್ಆ್ಯಪ್ ಪ್ಯಾಕೆಟ್‌ಗೆ ಆ ಮರ್ಯಾದೆ ಇಲ್ಲ. ಹಾಗಾಗಿ ನೆಟ್ ನಿಧಾನವಿದ್ದಾಗಲೂ ಮಾಮೂಲಿ ಕರೆ ಸರಿಯಾಗಿರುತ್ತದೆ. ಮನೆಯೊಳಗೆ ರೇಂಜ್ ಇಲ್ಲದವರಿಗೆ ವೈಫೈ ಕಾಲಿಂಗ್ ಇದೆ; ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಮನೆಯ ಬ್ರಾಡ್‌ಬ್ಯಾಂಡ್ ಮೂಲಕವೇ ಮಾಮೂಲಿ ನಂಬರಿಗೆ ಕರೆ ಬರುತ್ತದೆ. ಮರೆಯಬಾರದ ಮಾತು: ತುರ್ತು ಸಹಾಯಕ್ಕೆ 112 ಒತ್ತಬೇಕಾದ್ದು ಫೋನಿನ ಡಯಲರಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಅಲ್ಲ.

ಗಲ್ಫ್ ದೇಶಗಳ ನಿಯಮ

ಯುಎಇಯಲ್ಲಿ ಇಂಟರ್ನೆಟ್ ಕರೆಗೆ ಅಲ್ಲಿನ ಟೆಲಿಕಾಂ ಪ್ರಾಧಿಕಾರದ ಅನುಮತಿ ಬೇಕು. ಬೋಟಿಮ್, ಝೂಮ್, ಮೈಕ್ರೋಸಾಫ್ಟ್ ಟೀಮ್ಸ್ ಮೊದಲಾದವಕ್ಕೆ ಅನುಮತಿ ಸಿಕ್ಕಿದೆ. ವಾಟ್ಸ್ಆ್ಯಪ್‌ನ ಕರೆಗೆ ವರ್ಷಗಳಿಂದ ತಡೆ ಇದೆ. ಸಿಗ್ನಲಿಂಗ್ ಬೇರೆ, ಮಾತಿನ ದಾರಿ ಬೇರೆ ಅಂದೆವಲ್ಲ? ಸಿಗ್ನಲಿಂಗ್ ಮೆಸೇಜಿನ ದಾರಿಯಲ್ಲೇ ಹೋಗಿ ಈ ಕಡೆ ರಿಂಗ್ ಆಗಬಹುದು. ಎತ್ತಿದ ಮೇಲೆ ಮಾತಿನ ಪ್ಯಾಕೆಟ್‌ಗಳನ್ನು ಜಾಲ ಗುರುತಿಸಿ ತಡೆಯುತ್ತದೆ. "ಕನೆಕ್ಟಿಂಗ್" ಅಂತಲೇ ನಿಲ್ಲುವುದು ಹೀಗೆ. ಸೌದಿ ಅರೇಬಿಯ 2017ರ ಸೆಪ್ಟೆಂಬರ್‌ನಲ್ಲಿ ತನ್ನ ಷರತ್ತು ಪಾಲಿಸುವ ಆ್ಯಪ್‌ಗಳ ಕರೆಗಳ ಮೇಲಿನ ತಡೆ ತೆಗೆಯಿತು. ಪಟ್ಟಿ ಆಗಾಗ ಬದಲಾಗುತ್ತದೆ, ಹೊಸದಾಗಿ ಹೋಗುವವರು ಅಲ್ಲಿಯ ಕಂಪೆನಿಯಲ್ಲೇ ವಿಚಾರಿಸಿಕೊಳ್ಳಿ.

ವಿಪಿಎನ್ ಹಾಕಿದರೆ ಆಯ್ತಲ್ಲ ಅಂತ ಕೋಣೆಯ ಗೆಳೆಯರು ಹೇಳುವುದುಂಟು. ಯುಎಇಯಲ್ಲಿ ವಿಪಿಎನ್ ತಂತ್ರಜ್ಞಾನವೇ ಅಪರಾಧವಲ್ಲ. ಆದರೆ ಅಪರಾಧ ಎಸಗಲು ಅಥವಾ ಅದು ಪತ್ತೆಯಾಗದಂತೆ ತಡೆಯಲು ಐಪಿ ವಿಳಾಸ ಮರೆಮಾಚಿದರೆ 2021ರ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್ ತನಕ ದಂಡ, ಜೈಲು ಶಿಕ್ಷೆಯೂ ಇದೆ. ಒಂದು ಕರೆಗಾಗಿ ಕೆಲಸವನ್ನೂ ವೀಸಾವನ್ನೂ ಅಪಾಯಕ್ಕೆ ಒಡ್ಡಬೇಡಿ. ಅನುಮತಿ ಇರುವ ಆ್ಯಪ್ ಬಳಸಿ, ಮನೆಯವರ ಫೋನಿಗೂ ಅದನ್ನೇ ಹಾಕಿಸಿ.

ಸೌದಿಯ ಕರೆ, ಇಲ್ಲಿಯ ನಂಬರ್

ವಿದೇಶದ ಕರೆ ಇಂಟರ್ನೆಟ್ ಮೂಲಕ ಬಂದು, ಇಲ್ಲಿ ಯಾವುದೋ ಕೋಣೆಯಲ್ಲಿಟ್ಟ ಯಂತ್ರದ ಸಿಮ್‌ನಿಂದ ಲೋಕಲ್ ಕರೆಯಾಗಿ ಹೊರಡುವುದುಂಟು. ಆ ಯಂತ್ರವೇ ಸಿಮ್ ಬಾಕ್ಸ್. ಪರವಾನಿಗೆ ಪಡೆದ ಅಂತಾರಾಷ್ಟ್ರೀಯ ಗೇಟ್‌ವೇ ತಪ್ಪಿಸಿ ಹೀಗೆ ಮಾಡುವುದು ಭಾರತದಲ್ಲಿ ಕಾನೂನುಬಾಹಿರ. "ನಿನ್ನ ಹೆಸರಲ್ಲಿ ನಾಲ್ಕು ಸಿಮ್ ತೆಗೆದುಕೊಡು, ತಿಂಗಳಿಗೆ ಇಷ್ಟು ಕೊಡ್ತೇನೆ" ಅಂತ ಯಾರಾದರೂ ಯುವಕರನ್ನು ಕೇಳಿದರೆ ಅದರ ಅರ್ಥ ಗೊತ್ತಿರಲಿ. ಆ ಸಿಮ್‌ನಿಂದ ನಡೆದ ಪ್ರತಿ ಕರೆಗೂ ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಸಿಮ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಕೇಂದ್ರ ಸರಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು.

ಇನ್ನೊಂದು ಎಚ್ಚರ. ಸಿಪ್‌ನಲ್ಲಿ "ಯಾರಿಂದ" ಎಂಬ ಜಾಗವನ್ನು ತುಂಬುವುದು ಕರೆ ಮಾಡುವ ಕಡೆಯವರೇ. ಮಧ್ಯದ ಕಂಪೆನಿಗಳು ಸರಿಯಾಗಿ ಪರಿಶೀಲಿಸದಿದ್ದರೆ ಸುಳ್ಳು ನಂಬರ್ ತೋರಿಸಬಹುದು. ಹಾಗಾಗಿ ಪರದೆಯಲ್ಲಿ ಕಂಡ ನಂಬರನ್ನೂ ವಾಟ್ಸ್ಆ್ಯಪ್‌ನ ಪೊಲೀಸ್ ಫೋಟೊವನ್ನೂ ನಂಬಬೇಡಿ. ವಿಡಿಯೊ ಕರೆಯಲ್ಲಿ ಯೂನಿಫಾರ್ಮ್ ಹಾಕಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸುವವರು ವಂಚಕರು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಕರೆ ಕಡಿದು, ಮನೆಯವರಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಗಂಡಸರು ಹೊರದೇಶದಲ್ಲಿದ್ದು ಹಿರಿಯರು, ಹೆಂಗಸರು ಮಾತ್ರ ಇರುವ ಮನೆಗಳಲ್ಲಿ ಈ ಒಂದು ವಿಷಯವನ್ನು ಮೊದಲೇ ಹೇಳಿಕೊಟ್ಟಿರಬೇಕು.

ಕರೆ ಸರಿಯಿಲ್ಲದಾಗ ನೋಡಬೇಕಾದ್ದು

• ವಿಡಿಯೊ ನಿಲ್ಲಿಸಿ ಧ್ವನಿ ಮಾತ್ರ ಇಡಿ. ಬೇಕಾದ ನೆಟ್ ಹತ್ತಾರು ಪಟ್ಟು ಇಳಿಯುತ್ತದೆ.
• ರೂಟರ್ ಹತ್ತಿರ ಬನ್ನಿ. ಆಗದಿದ್ದರೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ.
• ಅದೇ ವೈಫೈಯಲ್ಲಿ ಯಾರಾದರೂ ದೊಡ್ಡ ಫೈಲ್ ಕಳುಹಿಸುತ್ತಿದ್ದರೆ ಸ್ವಲ್ಪ ನಿಲ್ಲಿಸಲು ಹೇಳಿ.
• ನಿಮ್ಮದೇ ಸ್ವರ ತಿರುಗಿ ಕೇಳಿದರೆ ತಪ್ಪು ಹೆಚ್ಚಾಗಿ ಎದುರಿನವರ ಸ್ಪೀಕರಿನದ್ದು. ಅವರಿಗೆ ಇಯರ್‌ಫೋನ್ ಹಾಕಲು ಹೇಳಿ.
• ನಿಮಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ ಅಂತಾದರೆ ಮೈಕ್ ಅನುಮತಿ ನೋಡಿ, ಕರೆ ಕಡಿದು ಮತ್ತೆ ಮಾಡಿ. ದಾರಿ ಹೊಸದಾಗಿ ಹುಡುಕಲ್ಪಡುತ್ತದೆ.
• ಡೇಟಾ ಉಳಿಸಲು ವಾಟ್ಸ್ಆ್ಯಪ್‌ನಲ್ಲಿ ಕರೆಗೆ ಕಮ್ಮಿ ಡೇಟಾ ಬಳಸುವ ಆಯ್ಕೆ ಆನ್ ಮಾಡಿ. ಗೊತ್ತಿಲ್ಲದ ನಂಬರಿನ ಕರೆಗಳನ್ನು ನಿಶ್ಶಬ್ದವಾಗಿಸುವ ಆಯ್ಕೆಯೂ ಅದರಲ್ಲಿದೆ; ಹಿರಿಯರ ಫೋನಿನಲ್ಲಿ ಅದನ್ನೂ ಆನ್ ಮಾಡಿಕೊಡಿ.